ಮನವಿಯಿಂದ ಹಕ್ಕಿನ ಕಡೆಗೆ
ಫಿಲಡೆಲ್ಫಿಯದ ಅಚ್ಚುಕೂಟ, ದಾವಣಗೆರೆಯ ವಾರಪತ್ರಿಕೆ



ದಾವಣಗೆರೆಯಿಂದ ಹರಿಹರಕ್ಕೆ ಸುಮಾರು ಹದಿನಾಲ್ಕು ಕಿಲೋಮೀಟರುಗಳ ದಾರಿ. ಹರಿಹರದಲ್ಲಿ ಇಳಿದು ಹರಿಹರೇಶ್ವರನ ಗುಡಿಯನ್ನು ನೋಡಿದವರು ನಿಮ್ಮಲ್ಲಿ ಅನೇಕರಿರಬಹುದು. ಹೊಯ್ಸಳ ಎರಡನೆಯ ನರಸಿಂಹನ ಕಾಲದಲ್ಲಿ, 1224ರಲ್ಲಿ, ಪೋಲಾಳ್ವ ದಂಡನಾಯಕನು ಕಟ್ಟಿಸಿದ ಗುಡಿ ಅದು. ಮುಂದಿನ ಸಲ ಹೋದಾಗ ಗುಡಿಯಿಂದ ಹಾಗೆಯೇ ಹೊಳೆಯ ದಡಕ್ಕೂ ನಡೆದು ಹೋಗಿ. ತುಂಗಭದ್ರೆಯ ಆಚೆ ದಡದಲ್ಲಿ ಕುಮಾರಪಟ್ಟಣ, ಅದರಾಚೆ ರಾಣೆಬೆನ್ನೂರಿನ ದಾರಿ.

ಇಂದು ಈ ಎರಡು ದಡಗಳೂ ಒಂದೇ ರಾಜ್ಯಕ್ಕೆ ಸೇರಿವೆ. ನೂರು ವರ್ಷಗಳ ಹಿಂದೆ ಹಾಗಿರಲಿಲ್ಲ. ಈ ದಡ ಮೈಸೂರು ಅರಸರ ಸಂಸ್ಥಾನ. ಆ ದಡ ಬ್ರಿಟಿಷರ ಮುಂಬಯಿ ಪ್ರಾಂತ. 1868ರಲ್ಲಿ ಇಲ್ಲಿ ಕಲ್ಲು ಇಟ್ಟಿಗೆಯ ಸೇತುವೆಯೊಂದು ಪೂರ್ಣಗೊಂಡ ಮೇಲೆ ಗಾಡಿಗಳೂ ಜನರೂ ಸುಲಭವಾಗಿ ಹೊಳೆ ದಾಟುತ್ತಿದ್ದರು. ಎರಡೂ ಕಡೆ ಆಡುವ ಮಾತು ಕನ್ನಡವೇ. ಆದರೆ ಆ ಮಾತನ್ನು ಅಚ್ಚು ಹಾಕಿಸಿ ಹಂಚಬೇಕೆಂದರೆ ಈ ದಡಕ್ಕೆ ಒಂದು ಕಾನೂನು, ಆ ದಡಕ್ಕೆ ಇನ್ನೊಂದು. ಎರಡು ಕಡೆಯೂ ಸರ್ಕಾರಕ್ಕೆ ಅಚ್ಚಿನ ಹಾಳೆಯೆಂದರೆ ಅಂಜಿಕೆಯೇ.

ಒಂದು ಹಾಳೆಗೆ ಸರ್ಕಾರ ಏಕೆ ಹೆದರಬೇಕು? ಈ ಪ್ರಶ್ನೆಯನ್ನು ಹಿಡಿದು ನಾವು ಮೊದಲು ಬಹು ದೂರದ ಒಂದು ನಾಡಿಗೆ, ಹದಿನೆಂಟನೆಯ ಶತಮಾನದ ಅಮೆರಿಕಕ್ಕೆ ಹೋಗಿ ಬರೋಣ. ಅಲ್ಲಿಂದ ಮರಳಿ ದಾವಣಗೆರೆಗೂ ಹರಿಹರಕ್ಕೂ ಬರೋಣ. ಕಿರುತೆರೆಯಲ್ಲಿ ಮಾತು ಬೇಗ ಸಾಗಿಬಿಡುತ್ತದೆ. ಅಲ್ಲಿ ಬಿಟ್ಟುಹೋದ ಎಳೆಗಳನ್ನು ನಿಧಾನವಾಗಿ ಕೂಡಿಸಿಕೊಳ್ಳಲು ಈ ಪುಟಗಳು ನಿಮಗೆ ನೆರವಾಗಲಿ.

ಜ್ಞಾನೋದಯ ಎಂದರೆ ಏನು?

ನಮ್ಮ ಇತಿಹಾಸದ ಪುಸ್ತಕಗಳಲ್ಲಿ ಯೂರೋಪಿನ ಹದಿನೇಳು ಹದಿನೆಂಟನೆಯ ಶತಮಾನಗಳನ್ನು 'ಜ್ಞಾನೋದಯದ ಯುಗ' ಎಂದು ಕರೆಯುತ್ತಾರೆ. ಬುದ್ಧನಿಗೆ ಬೋಧಿವೃಕ್ಷದ ಕೆಳಗೆ ಆದ ಜ್ಞಾನೋದಯಕ್ಕೂ ಇದಕ್ಕೂ ಹೆಸರು ಒಂದೇ ಆದರೂ ಅರ್ಥ ಬೇರೆ. ಇಲ್ಲಿ ಹೇಳುತ್ತಿರುವುದು ಒಬ್ಬ ವ್ಯಕ್ತಿಯ ಸಿದ್ಧಿಯನ್ನಲ್ಲ, ಒಂದು ಕಾಲದ ವಿಚಾರಕ್ರಮವನ್ನು.

ಅದರ ಮುಖ್ಯ ಮಾತುಗಳು ಮೂರು. ಮೊದಲನೆಯದು, ಯಾವುದೇ ಮಾತನ್ನು ಹಿರಿಯರು ಹೇಳಿದರೆಂದೋ ಅರಸ ಹೇಳಿದನೆಂದೋ ಒಪ್ಪದೆ, ವಿಚಾರದ ಒರೆಗೆ ಹಚ್ಚಿ ನೋಡಬೇಕು. ಜರ್ಮನಿಯ ತತ್ತ್ವಜ್ಞಾನಿ ಕ್ಯಾಂಟ್ 1784ರಲ್ಲಿ ಬರೆದ ಒಂದು ಪ್ರಬಂಧದಲ್ಲಿ, ತನ್ನ ಬುದ್ಧಿಯನ್ನು ತಾನೇ ಬಳಸುವ ಧೈರ್ಯವೇ ಜ್ಞಾನೋದಯ ಎಂಬ ಅರ್ಥದ ವಿವರಣೆ ಕೊಟ್ಟ. ಎರಡನೆಯದು, ಮನುಷ್ಯನಿಗೆ ಹುಟ್ಟಿನಿಂದಲೇ ಕೆಲವು ಹಕ್ಕುಗಳಿವೆ. ಅವು ಸರ್ಕಾರ ಕೊಟ್ಟ ಇನಾಮಲ್ಲ. ಇಂಗ್ಲೆಂಡಿನ ಜಾನ್ ಲಾಕ್ 1689ರಲ್ಲಿ ಪ್ರಕಟವಾದ ತನ್ನ ಗ್ರಂಥದಲ್ಲಿ ಇದನ್ನು ವಾದಿಸಿದ. ಜನರ ಪ್ರಾಣ, ಸ್ವಾತಂತ್ರ್ಯ, ಆಸ್ತಿಗಳನ್ನು ಕಾಯಲೆಂದೇ ಸರ್ಕಾರ ಇದೆ. ಆ ಕೆಲಸವನ್ನು ಮರೆತ ಸರ್ಕಾರವನ್ನು ಬದಲಿಸುವ ಅಧಿಕಾರ ಜನರಿಗಿದೆ ಎಂಬುದು ಅವನ ನಿಲುವು. ಮೂರನೆಯದು, ಎಲ್ಲ ಅಧಿಕಾರವೂ ಒಂದೇ ಕೈಯಲ್ಲಿ ಇರಬಾರದು. ಫ್ರಾನ್ಸಿನ ಮಾಂಟೆಸ್ಕ್ಯೂ 1748ರ ತನ್ನ ಕೃತಿಯಲ್ಲಿ, ಶಾಸನ ಮಾಡುವವರು, ಆಡಳಿತ ನಡೆಸುವವರು, ನ್ಯಾಯ ಹೇಳುವವರು ಬೇರೆ ಬೇರೆಯಾಗಿರಬೇಕೆಂದ.

ಈ ವಿಚಾರಗಳು ಹುಟ್ಟಿದ್ದು ಯೂರೋಪಿನ ವಿದ್ವಾಂಸರ ಕೋಣೆಗಳಲ್ಲಿ. ಅವನ್ನು ಬೀದಿಗೆ, ಹೋಟೆಲಿಗೆ, ಕಮ್ಮಾರನ ಕುಲುಮೆಗೆ ತಂದವರಲ್ಲಿ ಅಮೆರಿಕದ ಬರಹಗಾರರು ಮುಖ್ಯರು. ಅದಕ್ಕೆಂದೇ ಆರಂಭಕಾಲದ ಅಮೆರಿಕನ್ ಸಾಹಿತ್ಯವನ್ನು ಓದಲು ಕುಳಿತ ವಿದ್ಯಾರ್ಥಿಗೆ ಕಾದಂಬರಿ ನಾಟಕಗಳಿಗಿಂತ ಹೆಚ್ಚಾಗಿ ಕರಪತ್ರ, ಪಂಚಾಂಗ, ಪತ್ರಿಕಾ ಲೇಖನ, ಘೋಷಣಾಪತ್ರಗಳು ಎದುರಾಗುತ್ತವೆ. ಇವೂ ಸಾಹಿತ್ಯವೇ ಎಂದು ನೀವು ಕೇಳಬಹುದು. ಉತ್ತರವನ್ನು ಓದಿದ ಮೇಲೆ ನೀವೇ ಹೇಳಿ.

ಮೊಳೆ ಜೋಡಿಸಿದ ಹುಡುಗ

ಬೆಂಜಮಿನ್ ಫ್ರಾಂಕ್ಲಿನ್ 1706ರಲ್ಲಿ ಬಾಸ್ಟನ್ ನಗರದಲ್ಲಿ ಹುಟ್ಟಿದ. ತಂದೆ ಮೇಣದ ಬತ್ತಿ, ಸಾಬೂನು ಮಾಡುವವನು. ಮನೆ ತುಂಬ ಮಕ್ಕಳು. ಹುಡುಗನ ಶಾಲೆ ಎರಡೇ ವರ್ಷಕ್ಕೆ ಮುಗಿಯಿತು. ಹನ್ನೆರಡನೆಯ ವಯಸ್ಸಿಗೆ ಅಣ್ಣ ಜೇಮ್ಸನ ಅಚ್ಚುಕೂಟದಲ್ಲಿ ಕೆಲಸ ಕಲಿಯಲು ಸೇರಿದ. ಅಣ್ಣನು ಪತ್ರಿಕೆಯೊಂದನ್ನು ನಡೆಸುತ್ತಿದ್ದ. ತನ್ನ ಬರಹವನ್ನು ಅಣ್ಣ ಒಪ್ಪುವುದಿಲ್ಲವೆಂದು ತಮ್ಮನಿಗೆ ಗೊತ್ತಿತ್ತು. 1722ರಲ್ಲಿ, ಹದಿನಾರು ವರ್ಷದ ಹುಡುಗ ಒಬ್ಬ ವಿಧವೆಯ ಹೆಸರಿನಲ್ಲಿ ಪತ್ರಗಳನ್ನು ಬರೆದು ರಾತ್ರಿ ಅಚ್ಚುಕೂಟದ ಬಾಗಿಲಡಿ ನೂಕಿ ಬರುತ್ತಿದ್ದ. ಹದಿನಾಲ್ಕು ಪತ್ರಗಳು ಅಚ್ಚಾದವು. ಬರೆದವರು ಯಾರೋ ಅನುಭವಸ್ಥರೆಂದು ಊರೆಲ್ಲ ನಂಬಿತು.

ಮುಂದೆ ಅವನು ಫಿಲಡೆಲ್ಫಿಯಕ್ಕೆ ಹೋಗಿ ಸ್ವಂತ ಅಚ್ಚುಕೂಟ ನಡೆಸಿದ. 1729ರಲ್ಲಿ ಪತ್ರಿಕೆಯೊಂದನ್ನು ಕೊಂಡ. 1731ರಲ್ಲಿ ಗೆಳೆಯರೊಡನೆ ಚಂದಾ ಕೂಡಿಸಿ ಪುಸ್ತಕ ಭಂಡಾರವೊಂದನ್ನು ತೆರೆದ. 1732ರಿಂದ ಇಪ್ಪತ್ತೈದು ವರ್ಷ ಅವನು ಹೊರಡಿಸಿದ ಪಂಚಾಂಗ ರೈತರ ಮನೆಗಳಲ್ಲಿಯೂ ಇರುತ್ತಿತ್ತು. ಹುಣ್ಣಿಮೆ, ಅಮಾವಾಸ್ಯೆ, ಹವಾಮಾನಗಳ ನಡುವೆ ದುಡಿಮೆ, ಮಿತವ್ಯಯ, ಸ್ವಾವಲಂಬನೆಗಳ ಕುರಿತ ಗಾದೆಯಂಥ ಮಾತುಗಳಿರುತ್ತಿದ್ದವು. ಓದು ಬಲ್ಲವನು ಮನೆಯಲ್ಲಿ ಒಬ್ಬನೇ ಇದ್ದರೂ ಸಾಕು, ಕೇಳುವವರು ಹತ್ತು ಜನ. ಅಚ್ಚಾದ ಹಾಳೆಯ ಬಲವನ್ನು ಅದರ ಪ್ರತಿಗಳ ಸಂಖ್ಯೆಯಿಂದಷ್ಟೇ ಅಳೆಯಬಾರದೆಂಬುದನ್ನು ನೆನಪಿಡಿ.

ಆಗ ಅಮೆರಿಕದಲ್ಲಿಯೂ ಅಚ್ಚಿನ ಕೆಲಸ ನಿರ್ಭಯದ ಕೆಲಸವಾಗಿರಲಿಲ್ಲ. ನ್ಯೂಯಾರ್ಕಿನ ಮುದ್ರಕ ಜಾನ್ ಪೀಟರ್ ಜೆಂಗರ್, ಗವರ್ನರನ ತಪ್ಪುಗಳನ್ನು ಎತ್ತಿ ಹೇಳಿದ ಬರಹಗಳನ್ನು ಅಚ್ಚು ಹಾಕಿದ್ದಕ್ಕೆ ತಿಂಗಳುಗಟ್ಟಲೆ ಸೆರೆಮನೆಯಲ್ಲಿದ್ದ. ಅಂದಿನ ಕಾನೂನಿನ ಪ್ರಕಾರ ಬರೆದದ್ದು ನಿಜವೋ ಸುಳ್ಳೋ ಎಂಬ ವಿಚಾರಣೆಯೇ ಇರಲಿಲ್ಲ. ಸರ್ಕಾರಕ್ಕೆ ಅವಮಾನವಾದರೆ ಅಪರಾಧವಾಯಿತು. 1735ರಲ್ಲಿ ಅವನ ವಕೀಲ ಆಂಡ್ರ್ಯೂ ಹ್ಯಾಮಿಲ್ಟನ್, ನಿಜವನ್ನು ಬರೆದವನು ಅಪರಾಧಿಯಾಗಲಾರ ಎಂದು ವಾದಿಸಿದ. ಪಂಚರು ಒಪ್ಪಿ ಜೆಂಗರನನ್ನು ಬಿಡುಗಡೆ ಮಾಡಿದರು. ಈ ಪ್ರಕರಣವನ್ನು ಮುಂದೆ ಮೈಸೂರಿನ ಮಾತು ಬಂದಾಗ ಮತ್ತೆ ನೆನೆಯೋಣ.

ಒಂದು ಕಿರುಹೊತ್ತಗೆ ಮಾಡಿದ ಕೆಲಸ

1774ರ ಕೊನೆಗೆ ಇಂಗ್ಲೆಂಡಿನಿಂದ ಒಬ್ಬ ಮನುಷ್ಯ ಫ್ರಾಂಕ್ಲಿನ್ ಕೊಟ್ಟ ಪರಿಚಯಪತ್ರ ಹಿಡಿದು ಫಿಲಡೆಲ್ಫಿಯದಲ್ಲಿ ಇಳಿದ. ಹೆಸರು ಥಾಮಸ್ ಪೇನ್. ಹೆಂಗಸರ ಒಳಕುಪ್ಪಸ ಹೊಲಿಯುವ ಕಸುಬು ಕಲಿತಿದ್ದ. ಸುಂಕದ ಇಲಾಖೆಯ ನೌಕರಿ ಕಳೆದುಕೊಂಡಿದ್ದ. ಆಗ ಅವನಿಗೆ ಮೂವತ್ತೇಳು ವರ್ಷ. ಅಲ್ಲಿಯವರೆಗೆ ಕೈಹಿಡಿದ ಕೆಲಸ ಯಾವುದೂ ಕೂಡಿಬಂದಿರಲಿಲ್ಲ.

1776ರ ಜನವರಿಯಲ್ಲಿ ಅವನ 'ಕಾಮನ್ ಸೆನ್ಸ್' ಎಂಬ ಕಿರುಹೊತ್ತಗೆ ಹೊರಬಂತು. ಮೊದಲ ಮುದ್ರಣದಲ್ಲಿ ಬರೆದವನ ಹೆಸರಿರಲಿಲ್ಲ. ಅದುವರೆಗೆ ಅಮೆರಿಕದ ವಸಾಹತುಗಳ ಜನ ಇಂಗ್ಲೆಂಡಿನ ದೊರೆಗೆ ಮನವಿಯ ಮೇಲೆ ಮನವಿ ಕಳಿಸುತ್ತಿದ್ದರು. ದೊರೆ ಒಳ್ಳೆಯವನು, ಸುತ್ತಲಿನ ಮಂತ್ರಿಗಳು ಕೆಟ್ಟವರು ಎಂಬ ನಂಬಿಕೆ ಬಲವಾಗಿತ್ತು. ನಮ್ಮಲ್ಲಿಯೂ ಹಳ್ಳಿಯ ಜನ ದೊರೆಯನ್ನು ಬಿಟ್ಟು ಅಮಲ್ದಾರನನ್ನೇ ಬೈಯುತ್ತಿದ್ದುದು ಇದೇ ಬಗೆಯಲ್ಲಿ. ಪೇನ್ ಈ ನಂಬಿಕೆಯ ಬುಡಕ್ಕೇ ಕೈಹಾಕಿದ. ದೋಷ ಯಾವನೋ ಒಬ್ಬ ದೊರೆಯದಲ್ಲ, ವಂಶದಿಂದ ಬರುವ ದೊರೆತನದ್ದೇ ಎಂದ. ಅಪ್ಪ ಜಾಣನಾದರೆ ಮಗನೂ ಜಾಣನಾಗಬೇಕೆಂಬ ನಿಯಮ ಪ್ರಕೃತಿಯಲ್ಲಿ ಇಲ್ಲವಲ್ಲ ಎಂಬುದು ಅವನ ತರ್ಕ. ದೊಡ್ಡದೊಂದು ಭೂಖಂಡವನ್ನು ದೂರದ ಪುಟ್ಟ ದ್ವೀಪ ಆಳುವುದು ಸಹಜವೇ ಎಂದು ಕೇಳಿದ.

ಅವನ ಬರಹದ ಗುಟ್ಟು ಎಲ್ಲಿದೆ? ವಿದ್ವಾಂಸರು ಲ್ಯಾಟಿನ್ ಉದ್ಧರಣೆಗಳಿಂದ ಮಾತು ತುಂಬುತ್ತಿದ್ದ ಕಾಲದಲ್ಲಿ ಪೇನ್ ಎಲ್ಲರಿಗೂ ತಿಳಿದ ಬೈಬಲ್ಲಿನ ಕಥೆಗಳಿಂದ, ಮನೆ ಮಕ್ಕಳ ಹೋಲಿಕೆಗಳಿಂದ ವಾದ ಕಟ್ಟಿದ. ವಾಕ್ಯಗಳು ಗಟ್ಟಿಯಾಗಿ ಓದುವುದಕ್ಕೆ ತಕ್ಕಂತಿದ್ದವು. ಲಕ್ಷಕ್ಕೂ ಮೀರಿ ಪ್ರತಿಗಳು ಮಾರಾಟವಾದವೆಂದು ಪೇನ್ ಹೇಳಿಕೊಂಡ. ಇಂದಿನ ಸಂಶೋಧಕರು ಈ ಲೆಕ್ಕವನ್ನು ಅನುಮಾನದಿಂದ ನೋಡುತ್ತಾರೆ. ಆದರೆ ಸುಮಾರು 25 ಲಕ್ಷ ಜನರಿದ್ದ ನಾಡಿನಲ್ಲಿ ಅದು ಊರೂರಿಗೆ ಮುಟ್ಟಿತೆಂಬುದರಲ್ಲಿ ಅನುಮಾನವಿಲ್ಲ. ಜನರ ಬಾಯಲ್ಲಿದ್ದ ಮಾತು ಬದಲಾಯಿತು. 'ದಯಮಾಡಿ ಕೊಡಿ' ಎನ್ನುತ್ತಿದ್ದವರು 'ಇದು ನಮ್ಮದು' ಎನ್ನತೊಡಗಿದರು.

ಆರು ತಿಂಗಳು ಕಳೆಯುವುದರೊಳಗೆ, 1776ರ ಜುಲೈ 4ರಂದು, ಸ್ವಾತಂತ್ರ್ಯ ಘೋಷಣೆ ಅಂಗೀಕಾರವಾಯಿತು. ಕರಡನ್ನು ಸಿದ್ಧಪಡಿಸಲು ಐವರ ಸಮಿತಿಯಿತ್ತು. ಬರೆದವನು ಮುಖ್ಯವಾಗಿ ಥಾಮಸ್ ಜೆಫರ್ಸನ್. ಈ ಘೋಷಣೆಯನ್ನು ಒಂದು ತರ್ಕದ ಲೆಕ್ಕದಂತೆ ಓದಿ ನೋಡಿ. ಮೊದಲು ತತ್ತ್ವ: ಎಲ್ಲ ಮನುಷ್ಯರೂ ಸಮಾನರು, ಅವರಿಗೆ ಕಿತ್ತುಕೊಳ್ಳಲಾಗದ ಹಕ್ಕುಗಳಿವೆ, ಅವನ್ನು ಕಾಯಲೆಂದೇ ಸರ್ಕಾರ. ನಡುವೆ ಸಾಕ್ಷ್ಯ: ದೊರೆಯ ಮೇಲಿನ ದೂರುಗಳ ಉದ್ದನೆಯ ಪಟ್ಟಿ. ಕೊನೆಗೆ ತೀರ್ಮಾನ: ಆದ್ದರಿಂದ ನಾವು ಸ್ವತಂತ್ರರು. ಓದುವವರು ತತ್ತ್ವವನ್ನು ಒಪ್ಪಿ ಸಾಕ್ಷ್ಯವನ್ನೂ ಒಪ್ಪಿದರೆ ತೀರ್ಮಾನವನ್ನು ನಿರಾಕರಿಸುವಂತಿಲ್ಲ.

ಸ್ವಾತಂತ್ರ್ಯ ಬಂದ ಮೇಲೆ ಎಂಥ ಸರ್ಕಾರ ಬೇಕೆಂಬ ಪ್ರಶ್ನೆ ಎದ್ದಾಗಲೂ ವಾದ ನಡೆದದ್ದು ಪತ್ರಿಕೆಗಳಲ್ಲಿಯೇ. 1787 ಮತ್ತು 1788ರಲ್ಲಿ ಹ್ಯಾಮಿಲ್ಟನ್, ಮ್ಯಾಡಿಸನ್, ಜೇ ಎಂಬ ಮೂವರು 'ಪಬ್ಲಿಯಸ್' ಎಂಬ ಒಂದೇ ಗುಪ್ತನಾಮದಲ್ಲಿ ಹೊಸ ಸಂವಿಧಾನದ ಪರವಾಗಿ 85 ಲೇಖನಗಳನ್ನು ಬರೆದರು. ವಿರೋಧಿಗಳೂ ಅಷ್ಟೇ ಬಿರುಸಾಗಿ ಬರೆದರು. ಹಕ್ಕುಗಳ ಪಟ್ಟಿಯೇ ಇಲ್ಲದ ಸಂವಿಧಾನವನ್ನು ಹೇಗೆ ನಂಬುವುದು ಎಂಬ ಅವರ ಆಕ್ಷೇಪಣೆಯ ಫಲವಾಗಿ 1791ರಲ್ಲಿ ಹತ್ತು ತಿದ್ದುಪಡಿಗಳು ಸೇರಿದವು. ಮೊದಲನೆಯದೇ ಮಾತಿಗೂ ಮುದ್ರಣಕ್ಕೂ ಸ್ವಾತಂತ್ರ್ಯ ಕೊಟ್ಟಿತು. ಸೋತವರ ವಾದವೂ ಸಂವಿಧಾನದೊಳಗೆ ಉಳಿಯಿತು.

ಹೊಡೆದುಹಾಕಿದ ಸಾಲುಗಳು

ಇಲ್ಲಿಯವರೆಗೆ ಕೇಳಿದ್ದು ಸುಂದರವಾದ ಕಥೆ. ಆದರೆ 'ಎಲ್ಲರೂ ಸಮಾನರು' ಎಂದು ಬರೆದ ಜೆಫರ್ಸನ್ ತನ್ನ ಜೀವಮಾನದಲ್ಲಿ ಆರುನೂರಕ್ಕೂ ಹೆಚ್ಚು ಗುಲಾಮರ ಒಡೆಯನಾಗಿದ್ದ. ಕರಡಿನಲ್ಲಿ ಅವನೇ ಗುಲಾಮರ ವ್ಯಾಪಾರವನ್ನು ಖಂಡಿಸಿ ಒಂದು ಭಾಗ ಬರೆದಿದ್ದ; ಪ್ರತಿನಿಧಿಗಳ ಸಭೆ ಆ ಸಾಲುಗಳನ್ನು ಹೊಡೆದುಹಾಕಿತು.

ಹಾಗೆ ಹೊರಗೆ ಉಳಿದವರು ಸುಮ್ಮನೆ ಕೂರಲಿಲ್ಲ. ಫಿಲಿಸ್ ವೀಟ್ಲಿ ಎಂಬಾಕೆಯನ್ನು ಪುಟ್ಟ ಹುಡುಗಿಯಾಗಿದ್ದಾಗಲೇ, 1761ರಲ್ಲಿ, ಆಫ್ರಿಕದಿಂದ ಹಡಗಿನಲ್ಲಿ ತಂದು ಬಾಸ್ಟನ್ನಿನಲ್ಲಿ ಮಾರಿದ್ದರು. ಆಕೆಯ ಕವನ ಸಂಗ್ರಹ 1773ರಲ್ಲಿ ಲಂಡನ್ನಿನಲ್ಲಿ ಪ್ರಕಟವಾಯಿತು. ಕಪ್ಪು ಹುಡುಗಿಯೊಬ್ಬಳು ಕವಿತೆ ಬರೆಯಬಲ್ಲಳೆಂದು ಓದುಗರು ನಂಬಲಾರರೆಂದು, ಬಾಸ್ಟನ್ನಿನ ಹದಿನೆಂಟು ಜನ ಗಣ್ಯರ ಸಹಿಯುಳ್ಳ ದೃಢೀಕರಣವನ್ನು ಪುಸ್ತಕದ ಮುಂದೆ ಸೇರಿಸಬೇಕಾಯಿತು! 1791ರಲ್ಲಿ ಬೆಂಜಮಿನ್ ಬ್ಯಾನೆಕರ್ ಎಂಬ ಸ್ವತಂತ್ರ ಕಪ್ಪು ಮನುಷ್ಯ ತಾನೇ ಗಣಿಸಿದ ಪಂಚಾಂಗದ ಹಸ್ತಪ್ರತಿಯನ್ನು ಜೆಫರ್ಸನನಿಗೆ ಕಳಿಸಿದ. ಜೊತೆಗೊಂದು ಪತ್ರ. ನೀವು ಘೋಷಣೆಯಲ್ಲಿ ಬರೆದ ಮಾತಿಗೂ ನೀವು ಮನುಷ್ಯರನ್ನು ಬಂಧನದಲ್ಲಿ ಇಟ್ಟಿರುವುದಕ್ಕೂ ಹೇಗೆ ಹೊಂದಿಕೆಯಾದೀತು ಎಂಬುದು ಅದರ ಸಾರ. ಅವನು ಹೊಸ ತತ್ತ್ವವನ್ನೇನೂ ತರಲಿಲ್ಲ. ಜೆಫರ್ಸನನ ಮಾತನ್ನೇ ಜೆಫರ್ಸನನ ಮುಂದೆ ಹಿಡಿದ.

ಫ್ರಾಂಕ್ಲಿನ್ ಸ್ವತಃ ಹಿಂದೆ ಗುಲಾಮರನ್ನು ಇಟ್ಟುಕೊಂಡಿದ್ದವನು. ಕೊನೆಗಾಲದಲ್ಲಿ ಮನಸ್ಸು ಬದಲಿಸಿ, ಸಾಯುವ ಎರಡು ತಿಂಗಳ ಮುಂಚೆ, 1790ರ ಫೆಬ್ರುವರಿಯಲ್ಲಿ, ಗುಲಾಮಗಿರಿಯನ್ನು ಕೊನೆಗಾಣಿಸಬೇಕೆಂಬ ಮನವಿಗೆ ಸಹಿ ಹಾಕಿ ಸಂಸತ್ತಿಗೆ ಕಳಿಸಿದ. ಅದು ಆಗ ಫಲಿಸಲಿಲ್ಲ. ಗುಲಾಮಗಿರಿ ಕಾನೂನಿನಿಂದ ಹೋದದ್ದು 1865ರಲ್ಲಿ, ದೊಡ್ಡ ಅಂತರ್ಯುದ್ಧ ಮುಗಿದ ಮೇಲೆ. ಹೆಂಗಸರಿಗೆ ದೇಶವ್ಯಾಪಿಯಾಗಿ ಮತದಾನದ ಹಕ್ಕು ಬಂದದ್ದು 1920ರಲ್ಲಿ.

ದಾವಣಗೆರೆಯ 'ಧನುರ್ಧಾರಿ'

ಈಗ ನಮ್ಮ ನಾಡಿಗೆ ಬರೋಣ. ಕನ್ನಡದ ಮೊದಲ ಪತ್ರಿಕೆ 'ಮಂಗಳೂರು ಸಮಾಚಾರ' ಹುಟ್ಟಿದ್ದು 1843ರಲ್ಲಿ, ಮೋಗ್ಲಿಂಗ್ ಎಂಬ ಪಾದ್ರಿಯ ಕೈಯಲ್ಲಿ. 1881ರಲ್ಲಿ ಮೈಸೂರು ಸಂಸ್ಥಾನ ಬ್ರಿಟಿಷ್ ಕಮಿಷನರುಗಳ ಆಡಳಿತದಿಂದ ಮತ್ತೆ ಅರಸರ ಕೈಗೆ ಬಂತು. ಅದೇ ವರ್ಷ ದಿವಾನ್ ರಂಗಾಚಾರ್ಲು ಅವರ ಕಾಲದಲ್ಲಿ ಪ್ರಜಾಪ್ರತಿನಿಧಿ ಸಭೆ ಮೊದಲ ಬಾರಿಗೆ ಸೇರಿತು. 144 ಪ್ರತಿನಿಧಿಗಳು. ದೇಶೀಯ ಸಂಸ್ಥಾನವೊಂದರಲ್ಲಿ ಇದು ದೊಡ್ಡ ಹೆಜ್ಜೆಯೇ. ಆದರೆ ಸಭೆಗೆ ಕಾನೂನು ಮಾಡುವ ಅಧಿಕಾರವಿರಲಿಲ್ಲ. ದಿವಾನರು ಆಡಳಿತದ ವರದಿ ಓದುವರು. ಪ್ರತಿನಿಧಿಗಳು ಕುಂದುಕೊರತೆಗಳನ್ನು ಅರಿಕೆ ಮಾಡಿಕೊಳ್ಳುವರು. 'ಅರಿಕೆ' ಎಂಬ ಪದವನ್ನು ಗಮನಿಸಿ. ಅದು ಮನವಿಯ ಭಾಷೆ, ಹಕ್ಕಿನ ಭಾಷೆಯಲ್ಲ.

1906ರಲ್ಲಿ ದಾವಣಗೆರೆಯಲ್ಲಿ ಒಂದು ವಾರಪತ್ರಿಕೆ ಆರಂಭವಾಯಿತು. ಹೆಸರು 'ಧನುರ್ಧಾರಿ'. ನಡೆಸಿದವರು ಹರ್ಡೇಕರ ಮಂಜಪ್ಪನವರು ಮತ್ತು ಅವರ ಅಣ್ಣ ಮಧುಲಿಂಗಪ್ಪನವರು. ಮಂಜಪ್ಪನವರು 1886ರಲ್ಲಿ ಬನವಾಸಿಯಲ್ಲಿ ಬಡ ಮನೆಯೊಂದರಲ್ಲಿ ಹುಟ್ಟಿದವರು. ಶಾಲಾ ಮಾಸ್ತರಿಕೆ ದೊರಕಿತ್ತು. ಬಂಗಾಳದ ವಿಭಜನೆಯ ಬಳಿಕ ಎದ್ದ ಸ್ವದೇಶಿ ಚಳವಳಿಯ ಗಾಳಿ, ತಿಲಕರ ಬರಹಗಳ ಬಿಸಿ ತಾಗಿ, ಆ ನೌಕರಿ ಬಿಟ್ಟು ದಾವಣಗೆರೆಗೆ ಬಂದರು. ಆಗ ಅವರಿಗೆ ಇಪ್ಪತ್ತು ವರ್ಷ. ನಿಮ್ಮಲ್ಲಿ ಪದವಿ ತರಗತಿಯಲ್ಲಿ ಓದುತ್ತಿರುವವರ ವಯಸ್ಸು ಅದು.

'ಧನುರ್ಧಾರಿ' ತಿಲಕರ 'ಕೇಸರಿ'ಯ ವಿಚಾರಗಳನ್ನು ಕನ್ನಡದ ಓದುಗರಿಗೆ ಮುಟ್ಟಿಸಿತು. ಮಂಜಪ್ಪನವರು ಪೇನನಿಂದಲೋ ಫ್ರಾಂಕ್ಲಿನ್ನನಿಂದಲೋ ಪ್ರೇರಿತರಾದರೆಂದು ನಾನು ಹೇಳುತ್ತಿಲ್ಲ. ಅವರ ಬೇರುಗಳು ಇಲ್ಲಿಯವೇ: ಮೊದಲು ತಿಲಕರು, ಬಳಿಕ ಗಾಂಧೀಜಿ, ಎಲ್ಲಕ್ಕೂ ಅಡಿಯಲ್ಲಿ ಬಸವಣ್ಣನವರ ಕಾಯಕತತ್ತ್ವ. ಹೋಲಿಕೆ ಇರುವುದು ಕೆಲಸದ ರೀತಿಯಲ್ಲಿ. ಹೆಚ್ಚಿನ ಓದಿಲ್ಲದ ಮನೆಯ ಹುಡುಗ, ಸಣ್ಣದೊಂದು ಅಚ್ಚುಕೂಟ, ಜನರ ಮಾತಿನಲ್ಲಿ ಬರೆದ ಹಾಳೆ, ಒಬ್ಬ ಓದಿ ಹತ್ತು ಜನ ಕೇಳುವ ಜಗಲಿ. ದೂರದ ಎರಡು ನಾಡುಗಳಲ್ಲಿ ಪ್ರಜೆ ಪೌರನಾಗತೊಡಗಿದ್ದು ಇಂಥ ದಾರಿಯಲ್ಲೇ.

ಹಾಳೆಗೆ ಸರ್ಕಾರ ಏಕೆ ಹೆದರಬೇಕೆಂಬ ನಮ್ಮ ಪ್ರಶ್ನೆಗೆ ಉತ್ತರ 1908ರಲ್ಲಿ ಸಿಗುತ್ತದೆ. ಆ ವರ್ಷ ದಿವಾನ್ ವಿ. ಪಿ. ಮಾಧವರಾಯರ ಆಡಳಿತದಲ್ಲಿ ಮೈಸೂರು ಸರ್ಕಾರ ವೃತ್ತಪತ್ರಿಕೆಗಳ ಕಾಯಿದೆಯನ್ನು ತಂದಿತು. ಪತ್ರಿಕೆ ಹೊರಡಿಸಲು ಸರ್ಕಾರದ ಅನುಮತಿ ಬೇಕು. ಕೊಟ್ಟ ಅನುಮತಿಯನ್ನು ಸರ್ಕಾರ ಹಿಂದೆಗೆದುಕೊಳ್ಳಬಹುದು. ಜೆಂಗರನಿಗಾದರೋ ಪಂಚರ ಮುಂದೆ ನಿಂತು ನಿಜ ಹೇಳುವ ಅವಕಾಶವಿತ್ತು. ಇಲ್ಲಿ ಪತ್ರಿಕೆಯ ಉಸಿರು ಕಚೇರಿಯ ಒಂದು ಆಜ್ಞೆಯಲ್ಲಿತ್ತು. ಮೈಸೂರಿನ 'ತಾತಯ್ಯ' ಎಂ. ವೆಂಕಟಕೃಷ್ಣಯ್ಯನವರು ಪ್ರತಿಭಟಿಸಿ ತಮ್ಮ ಪತ್ರಿಕೆಗಳನ್ನೇ ನಿಲ್ಲಿಸಿದರು. ಹೊಳೆಯ ಆಚೆ ದಡದ ಸ್ಥಿತಿಯೇನೂ ಮೇಲಾಗಿರಲಿಲ್ಲ. ಅದೇ 1908ರ ಜುಲೈ ತಿಂಗಳಲ್ಲಿ ಮುಂಬಯಿಯ ನ್ಯಾಯಾಲಯ 'ಕೇಸರಿ'ಯ ಲೇಖನಗಳಿಗಾಗಿ ತಿಲಕರಿಗೆ ಆರು ವರ್ಷದ ಶಿಕ್ಷೆ ವಿಧಿಸಿತು; ಅವರನ್ನು ಬರ್ಮಾದ ಮಂಡಾಲೆಗೆ ಒಯ್ದರು.

ಮಂಜಪ್ಪನವರ ಕೆಲಸ ಪತ್ರಿಕೆಗೆ ಸೀಮಿತವಾಗಿರಲಿಲ್ಲ. ದಾವಣಗೆರೆಯ ವಿರಕ್ತಮಠದ ಮೃತ್ಯುಂಜಯ ಸ್ವಾಮಿಗಳ ಜೊತೆಗೂಡಿ 1913ರಲ್ಲಿ ಅವರು ಬಸವ ಜಯಂತಿಯನ್ನು ಸಾರ್ವಜನಿಕ ಉತ್ಸವವಾಗಿ ಆಚರಿಸಿದರು. ಇಂದು ನಾಡಿನಾದ್ಯಂತ ನಡೆಯುವ ಬಸವ ಜಯಂತಿಯ ಸಾರ್ವಜನಿಕ ಆಚರಣೆಗೆ ಆರಂಭ ದಾವಣಗೆರೆ ಎಂಬುದನ್ನು ಇಲ್ಲಿನ ವಿದ್ಯಾರ್ಥಿಗಳು ಮರೆಯಬಾರದು. ಹನ್ನೆರಡನೆಯ ಶತಮಾನದ ಸಮಾನತೆಯ ಮಾತನ್ನು ಇಪ್ಪತ್ತನೆಯ ಶತಮಾನದ ಜನರ ನಡುವೆ ತಂದು ನಿಲ್ಲಿಸಿದ ಕೆಲಸವದು. ಮುಂದೆ ಅವರು ಹರಿಹರದ ತುಂಗಭದ್ರೆಯ ದಡದಲ್ಲಿ ಆಶ್ರಮ ನಡೆಸಿದರು. ಬಳಿಕ ಆಲಮಟ್ಟಿಯಲ್ಲಿ ವಿದ್ಯಾಲಯ ಕಟ್ಟಿ, ಪತ್ರಿಕೆ ಪುಸ್ತಕಗಳನ್ನು ಹೊರಡಿಸಿದರು. ಜನ ಅವರನ್ನು 'ಕರ್ನಾಟಕದ ಗಾಂಧಿ' ಎಂದರು. 1947ರ ಜನವರಿಯಲ್ಲಿ, ಸ್ವಾತಂತ್ರ್ಯಕ್ಕೆ ಏಳು ತಿಂಗಳಿರುವಾಗ ತೀರಿಕೊಂಡರು.

ಬ್ಯಾನೆಕರನ ಪ್ರಶ್ನೆ, ಹರಿಹರದಲ್ಲಿ

ಅಮೆರಿಕದ ಕಥೆಯಲ್ಲಿ ಹೊಡೆದುಹಾಕಿದ ಸಾಲುಗಳಿದ್ದವು. ನಮ್ಮ ಕಥೆಯಲ್ಲಿ ಇಲ್ಲವೇ? ಇವೆ.

ಈ ಪ್ರಶ್ನೆಯನ್ನು ಬಹು ಮುಂಚೆಯೇ ಎತ್ತಿದವರು ಪುಣೆಯ ಜೋತಿರಾವ್ ಫುಲೆಯವರು. ಅವರು ಪೇನನ ಮನುಷ್ಯಹಕ್ಕುಗಳ ಗ್ರಂಥವನ್ನು ಓದಿದ್ದರು. 1873ರಲ್ಲಿ ಪ್ರಕಟಿಸಿದ 'ಗುಲಾಮಗಿರಿ' ಎಂಬ ಪುಸ್ತಕವನ್ನು, ಗುಲಾಮರ ಬಿಡುಗಡೆಗೆ ದುಡಿದ ಅಮೆರಿಕದ ಸಜ್ಜನರಿಗೆ ಅರ್ಪಿಸಿದರು. ಅಸ್ಪೃಶ್ಯತೆಯ ನೋವುಂಡು ಬೆಳೆದ ಅಂಬೇಡ್ಕರ್ ಅವರು 1913ರಲ್ಲಿ ನ್ಯೂಯಾರ್ಕಿನ ಕೊಲಂಬಿಯ ವಿಶ್ವವಿದ್ಯಾಲಯಕ್ಕೆ ಓದಲು ಹೋದರು. ದಾವಣಗೆರೆಯಲ್ಲಿ ಬಸವ ಜಯಂತಿ ಆರಂಭವಾದ ವರ್ಷವೇ ಅದು. ಅವರು ಸಂವಿಧಾನದ ಕರಡು ಸಮಿತಿಯ ಅಧ್ಯಕ್ಷರಾದರು.

1950ರ ಜನವರಿ 26ರಂದು ಜಾರಿಗೆ ಬಂದ ಆ ಸಂವಿಧಾನದ 14ನೆಯ ವಿಧಿ ಕಾನೂನಿನ ಮುಂದೆ ಎಲ್ಲರೂ ಸಮಾನರು ಎನ್ನುತ್ತದೆ; 17ನೆಯ ವಿಧಿ ಅಸ್ಪೃಶ್ಯತೆಯನ್ನು ರದ್ದುಮಾಡುತ್ತದೆ; 19ನೆಯ ವಿಧಿ ಮಾತಿನ ಸ್ವಾತಂತ್ರ್ಯ ಕೊಡುತ್ತದೆ. ಒಂದು ವ್ಯತ್ಯಾಸವನ್ನು ಪರೀಕ್ಷೆಗೆಂದಲ್ಲ, ತಿಳಿವಳಿಕೆಗೆಂದು ಗುರುತಿಸಿಕೊಳ್ಳಿ. ಅಮೆರಿಕದ ಮೊದಲ ತಿದ್ದುಪಡಿ ಸಂಸತ್ತಿನ ಕೈಯನ್ನು ನೇರವಾಗಿ ಕಟ್ಟುತ್ತದೆ. ನಮ್ಮ ಸಂವಿಧಾನ ಹಕ್ಕನ್ನು ಪೌರನಿಗೆ ಕೊಟ್ಟು, ಜೊತೆಗೇ ಸಮಂಜಸ ನಿರ್ಬಂಧಗಳಿಗೆ ಎಡೆಮಾಡಿದೆ. 'ಸಮಂಜಸ' ಎಂಬ ಪದ ಸೇರಿದ್ದು 1951ರ ಮೊದಲ ತಿದ್ದುಪಡಿಯಲ್ಲಿ. ಯಾವುದು ಸಮಂಜಸ ಎಂಬ ವಾದ ಅಂದಿನಿಂದ ನಡೆಯುತ್ತಲೇ ಇದೆ. ಎರಡರಲ್ಲಿ ಯಾವ ಕ್ರಮ ಮೇಲು ಎಂದು ನಿಮ್ಮ ತರಗತಿಯಲ್ಲಿ ಚರ್ಚಿಸಬಹುದು.

ಬರೆದ ಸಮಾನತೆ ಬಾಳಿನ ಸಮಾನತೆಯಾಯಿತೇ ಎಂದು ಕೇಳಿದವರಲ್ಲಿ ಹರಿಹರದ ಮಣ್ಣಿನಲ್ಲೇ ಹುಟ್ಟಿದ ಇಬ್ಬರಿದ್ದಾರೆ. ಒಬ್ಬರು ಬಿ. ಬಸವಲಿಂಗಪ್ಪನವರು. ದೇವರಾಜ ಅರಸರ ಸಂಪುಟದಲ್ಲಿ ಸಚಿವರಾಗಿದ್ದಾಗ, ಮನುಷ್ಯನ ತಲೆಯ ಮೇಲೆ ಮಲ ಹೊರಿಸುವ ಪದ್ಧತಿಯನ್ನು ನಿಷೇಧಿಸಲು ಮುಂದಾದವರು ಅವರು. 1973ರ ನವೆಂಬರಿನಲ್ಲಿ ಮೈಸೂರಿನ ಸಭೆಯೊಂದರಲ್ಲಿ ಕನ್ನಡ ಸಾಹಿತ್ಯದ ಬಹುಪಾಲು 'ಬೂಸಾ' ಎಂಬರ್ಥದ ಮಾತಾಡಿದರು. ರಾಜ್ಯವೆಲ್ಲ ಕೋಲಾಹಲವಾಯಿತು, ಅವರು ಮಂತ್ರಿಪದವಿ ಬಿಡಬೇಕಾಯಿತು. ಆ ಮಾತು ಸರಿಯೋ ತಪ್ಪೋ ಎಂಬ ವಾದ ಒತ್ತಟ್ಟಿಗಿರಲಿ. ದಲಿತ ಯುವಕರು ಆ ಗಲಾಟೆಯ ಬಳಿಕ ತಮ್ಮ ಬದುಕಿನ ಬಗ್ಗೆ ತಾವೇ ಬರೆಯತೊಡಗಿದರು, ಸಂಘಟಿತರಾಗತೊಡಗಿದರು.

ಇನ್ನೊಬ್ಬರು ಪ್ರೊ. ಬಿ. ಕೃಷ್ಣಪ್ಪನವರು. 1938ರಲ್ಲಿ ಹರಿಹರದಲ್ಲಿ ಹುಟ್ಟಿ, ಭದ್ರಾವತಿಯಲ್ಲಿ ಕನ್ನಡ ಅಧ್ಯಾಪಕರಾಗಿದ್ದರು. ದಲಿತ ಸಂಘರ್ಷ ಸಮಿತಿಯನ್ನು ಕಟ್ಟಿದ ಪ್ರಮುಖರು. ಕರಪತ್ರ, ಭಾಷಣ, ಹಾಡು, ಜಾಥಾ ಇವು ಆ ಚಳವಳಿಯ ಸಾಧನಗಳು. ಅವರು ತೀರಿಕೊಂಡದ್ದು 1997ರ ಏಪ್ರಿಲಿನಲ್ಲಿ. ಬ್ಯಾನೆಕರನು ಜೆಫರ್ಸನನ ಘೋಷಣೆಯನ್ನು ಹಿಡಿದು ಕೇಳಿದಂತೆ, ಇವರು ನಮ್ಮ ಸಂವಿಧಾನವನ್ನೇ ಹಿಡಿದು ನಮ್ಮನ್ನು ಕೇಳಿದರು: ನೀವು ಬರೆದುಕೊಂಡಿರುವ ಈ 'ಎಲ್ಲರೂ' ಎಂಬ ಪದದಲ್ಲಿ ನಾವಿದ್ದೇವೆಯೇ? ಇದ್ದರೆ ಕೆರೆಯ ನೀರಿಗೆ, ಗೇಣಿಯ ನೆಲಕ್ಕೆ, ಗುಡಿಯ ಬಾಗಿಲಿಗೆ ಬಂದಾಗ ಆ ಪದ ಏಕೆ ಚಿಕ್ಕದಾಗುತ್ತದೆ?

ಬಸವಣ್ಣನವರ ಹೆಸರಿನ ಉತ್ಸವವನ್ನು ನಾಡಿಗೆ ಕೊಟ್ಟ ದಾವಣಗೆರೆಯಿಂದ, ಈ ಪ್ರಶ್ನೆ ಕೇಳಿದವರು ಹುಟ್ಟಿದ ಊರು ಹದಿನಾಲ್ಕೇ ಕಿಲೋಮೀಟರು.

ನೀವು ಓದುವಾಗ

ರಾಜಕೀಯ ಬರಹವನ್ನು ಓದುವುದು ಹೇಗೆ? ನಾಲ್ಕು ಪ್ರಶ್ನೆಗಳನ್ನು ಜೊತೆಯಲ್ಲಿ ಇಟ್ಟುಕೊಳ್ಳಿ. ಇದು ಯಾರಿಗಾಗಿ ಬರೆದದ್ದು, ಯಾರ ಮಾತಿನಲ್ಲಿ ಬರೆದದ್ದು? ತತ್ತ್ವ, ಸಾಕ್ಷ್ಯ, ತೀರ್ಮಾನ ಮೂರೂ ಇವೆಯೇ, ಇಲ್ಲವೇ ಬರಿಯ ಕೂಗಾಟವೇ? ಬೇಡುತ್ತಿದೆಯೇ, ಹಕ್ಕೆಂದು ಕೇಳುತ್ತಿದೆಯೇ? ಕೊನೆಯದಾಗಿ, 'ಎಲ್ಲರೂ' ಎಂದು ಬರೆದಾಗ ಯಾರನ್ನು ಹೊರಗೆ ಬಿಟ್ಟಿದೆ?

ಮೊದಲ ಮೂರು ಪ್ರಶ್ನೆಗಳಿಗೆ ಉತ್ತರ ಬರಹದೊಳಗೇ ಸಿಗುತ್ತದೆ. ನಾಲ್ಕನೆಯದಕ್ಕೆ ಪುಸ್ತಕದಿಂದ ತಲೆಯೆತ್ತಿ ನಿಮ್ಮ ಬೀದಿಯನ್ನೂ ನೋಡಬೇಕು. ಸಂವಿಧಾನದ ಕನ್ನಡ ಪ್ರತಿಯನ್ನು ಗ್ರಂಥಾಲಯದಲ್ಲಿ ಕೇಳಿ ತೆಗೆದುಕೊಂಡು ಪೀಠಿಕೆಯನ್ನೂ ನಾನು ಹೇಳಿದ ಮೂರು ವಿಧಿಗಳನ್ನೂ ಒಮ್ಮೆ ಗಟ್ಟಿಯಾಗಿ ಓದಿ. ಮನೆಯಲ್ಲಿ ಓದು ಬಾರದ ಹಿರಿಯರಿದ್ದರೆ ಅವರಿಗೆ ಕೇಳಿಸುವಂತೆ ಓದಿ. ಪೇನನ ಹೊತ್ತಗೆಯೂ ಮಂಜಪ್ಪನವರ ವಾರಪತ್ರಿಕೆಯೂ ಊರಿನಲ್ಲಿ ಹರಡಿದ್ದು ಹಾಗೆಯೇ. ಓದಿ ಮುಗಿಸಿದ ಮೇಲೆ ಅವರು ಏನು ಕೇಳುತ್ತಾರೆಂದು ಗಮನವಿಟ್ಟು ಕೇಳಿ. ನಿಮ್ಮ ಮುಂದಿನ ಪಾಠ ಅಲ್ಲಿಂದ ಆರಂಭವಾಗಲಿ.